ದೊಡ್ಡಪ್ಪ ನುಂಗಿದ ಅವರೆಕಾಳು

"ಆ ದಿನಗಳಲ್ಲಿ..." ಎಂದು ಯಾರಾದರೂ ದನಿ ಇಳಿಸಿ ಶುರು ಮಾಡಿದರೆ ನಾನು ನನ್ನ ಚಹಾದ ಕಪ್ಪು ಎತ್ತಿಕೊಂಡು ಒಳಗೆ ಹೋಗಿಬಿಡುತ್ತೇನೆ. ನಮ್ಮ ಮನೆತನದಲ್ಲಿ ಈ ಕಾಯಿಲೆ ಸಂಕ್ರಾಂತಿಗೆ ಏರುತ್ತದೆ. ಎಲ್ಲರೂ ಸೇರುತ್ತಾರೆ, ಕುಸುರೆಳ್ಳು ಹಂಚಿಕೊಳ್ಳುತ್ತಾರೆ, ಸಜ್ಜೆ ರೊಟ್ಟಿ ಮುರಿಯುತ್ತಾರೆ. ಆಮೇಲೆ ಹೊಟ್ಟೆ ತುಂಬಿದ ಗಂಡಸರು ಗೋಡೆಗೆ ಒರಗಿ, "ಆವಾಗ ಎಲ್ಲಾರೂ ಕೂಡಿ ಉಣತಿದ್ವಿ ನೋಡ್ರಿ, ಈಗೆಲ್ಲೈತಿ ಅದು" ಎಂದು ನಿಟ್ಟುಸಿರು ಬಿಡುತ್ತಾರೆ. ಕೂಡಿ ಉಂಡವರು ಅವರು. ನೀಡಿದವರನ್ನು ಯಾರೂ ಕೇಳಿಲ್ಲ.

ಆದರೂ ಇವತ್ತು ನಾನೇ ಆ ಮಾತಿನಿಂದ ಶುರು ಮಾಡಬೇಕಾಗಿದೆ. ಆ ದಿನಗಳಲ್ಲಿ ನಾವು ಹುಬ್ಬಳ್ಳಿಯ ಗೋಪನಕೊಪ್ಪದಲ್ಲಿ ದೊಡ್ಡಪ್ಪನ ಎರಡಂತಸ್ತಿನ ಮನೆಯಲ್ಲಿ ಇದ್ದೆವು. ನನಗೆ ಹತ್ತು ವರ್ಷ ಇದ್ದಿರಬೇಕು. ಹತ್ತು ವರ್ಷದವಳ ನೆನಪನ್ನು ನಾನು ಪೂರ್ತಿ ನಂಬುವುದಿಲ್ಲ. ಎಷ್ಟು ಕಂಡದ್ದು, ಎಷ್ಟು ಆಮೇಲೆ ಸಿಟ್ಟಿನಲ್ಲಿ ಕೂಡಿಸಿಕೊಂಡದ್ದು ಎಂದು ಬೇರ್ಪಡಿಸಲು ಬರುವುದಿಲ್ಲ. ಎಲ್ಲಿ ಅನುಮಾನವಿದೆಯೋ ಅಲ್ಲಿ ಹೇಳುತ್ತೇನೆ.

ದೊಡ್ಡಪ್ಪನದು ಸಿಮೆಂಟಿನ ಅಂಗಡಿ. ನನ್ನ ಅಪ್ಪ ಅವನ ತಮ್ಮ, ಅದೇ ಅಂಗಡಿಯಲ್ಲಿ ಕೂರುತ್ತಿದ್ದ. ಅಣ್ಣ ಕೆಮ್ಮಿದರೆ ಏಳುತ್ತಿದ್ದ. ದೊಡ್ಡಪ್ಪನಿಗೆ ಸನ್ಮಾನದ ಹುಚ್ಚು. ಗಣಪತಿ ಕೂರಿಸುವವರು, ಕುಸ್ತಿ ಆಡಿಸುವವರು ಯಾರೇ ದೇಣಿಗೆ ಕೇಳಲು ಬಂದರೂ, "ಕೊಡೂಣು, ಕೊಡೂಣು. ಶಾಲು ಯಾರು ಹೊಚ್ಚತೀರಿ?" ಎಂದು ಕೇಳುತ್ತಿದ್ದ. ಶಾಲನ್ನು ತಾನೇ ಕೊಂಡು ಹಿಂದಿನ ದಿನ ಅವರ ಕೈಗೆ ಮುಟ್ಟಿಸಿದ್ದೂ ಉಂಟು. ಹಾಲಿನ ಗೋಡೆಯ ತುಂಬ ಫೋಟೋ. ಎಲ್ಲದರಲ್ಲೂ ಅವನು ಶಾಲು ಹೊದ್ದು, ಯಾರೋ ಬಲವಂತ ಮಾಡಿ ಕರೆತಂದವನ ಹಾಗೆ ಕೈ ಮುಗಿದು ನಿಂತಿದ್ದಾನೆ.

ಮೇಲಿನ ಮನೆಗೆ ಫ್ರಾನ್ಸಿನವರು ಬಾಡಿಗೆಗೆ ಬಂದಾಗ ಅವನಿಗೆ ಇನ್ನೊಂದು ಶಾಲು ಸಿಕ್ಕಂತಾಯಿತು. ಗಂಡ ಲೂಕ್, ಕಾರ್ಖಾನೆಯೊಂದಕ್ಕೆ ಹೊಸ ಯಂತ್ರ ಕೂಡಿಸಿಕೊಡಲು ಬಂದವನು. ಹೆಂಡತಿ ಎಲೆನ್. ಆರು ವರ್ಷದ ಮಗಳು ಮನೋನ್. ಬಂದವರಿಗೆಲ್ಲ ದೊಡ್ಡಪ್ಪ ಮೊದಲು ನೀರು ಕೊಡುತ್ತಿದ್ದ, ಆಮೇಲೆ ಮೆಟ್ಟಿಲು ತೋರಿಸುತ್ತಿದ್ದ. "ಮ್ಯಾಲ ನಮ್ಮ ಫ್ರೆಂಚ್ ಮಂದಿ ಅದಾರ. ಬರ್ರಿ, ನೋಡಾಕ ಬರ್ರಿ." ಎಮ್ಮೆ ಕೊಂಡವನು ಬೀಗರನ್ನು ಕೊಟ್ಟಿಗೆಗೆ ಕರೆಯುವುದು ಹೀಗೆಯೇ.

ಅವರನ್ನು ನೋಡಲು ಹೋಗುತ್ತಿದ್ದ ನಮ್ಮವರು ಇಳಿದು ಬಂದ ಮೇಲೆ ಅವರನ್ನು ಆಡಿಕೊಳ್ಳುತ್ತಿದ್ದರು. ಬೆಳಿಗ್ಗೆ ಎದ್ದು ಮಗಳು ಅಪ್ಪನಿಗೆ ಕೆನ್ನೆ ಒಡ್ಡುತ್ತಾಳೆ, ಹೆಂಡತಿ ಗಂಡನಿಗೆ ಒಡ್ಡುತ್ತಾಳೆ, ಬಾಗಿಲು ತೆರೆದೇ ಇರುತ್ತದೆ. ಊಟದ ಹೊತ್ತಿಗೆ ಹೋದರೆ "ಉಣ್ಣು ಬಾ" ಎನ್ನುವುದಿಲ್ಲ. ತಾವು ಉಣ್ಣುತ್ತಿರುತ್ತಾರೆ, ನೀವು ನಿಂತಿರುತ್ತೀರಿ. ಈ ಒಂದು ಮಾತಿಗೆ ದೊಡ್ಡವ್ವ ಅವರನ್ನು ಮನುಷ್ಯರ ಪಟ್ಟಿಯಿಂದಲೇ ತೆಗೆದುಹಾಕಿದ್ದಳು. ದೊಡ್ಡವ್ವನಿಗೆ ಮೊಣಕಾಲು ನೋವು. ಅದು ಮನೆಗೆ ಅತಿಥಿಗಳು ಬರುವ ದಿನ ಬೆಳಿಗ್ಗೆ ಏಳುತ್ತಿತ್ತು, ಪಾತ್ರೆ ತೊಳೆದಾದ ಮೇಲೆ ಇಳಿಯುತ್ತಿತ್ತು. ಅಡಿಗೆಯೆಲ್ಲ ನನ್ನ ಅವ್ವನ ಪಾಲಿಗೆ.

ನಾನು ಮನೋನ್ ಜೊತೆ ಆಡಲು ಮೇಲೆ ಹೋಗುತ್ತಿದ್ದೆ. ಆ ಮನೆಯ ವಾಸನೆ ನನಗೆ ಈಗಲೂ ಬರುತ್ತದೆ, ಬೆಣ್ಣೆ ಮತ್ತು ಕಾಫಿ, ಜೊತೆಗೆ ಒದ್ದೆ ಉಣ್ಣೆಯಂಥ ಏನೋ ಒಂದು. ಅಲ್ಲಿ ಊಟಕ್ಕೆ ಒಂದು ಕಟ್ಟಳೆ ಇತ್ತು. ಎಲ್ಲರೂ ಮೇಜಿಗೆ ಬರಬೇಕು. ಎಲೆನ್ ಪಾತ್ರೆ ತಂದಿಡುತ್ತಾಳೆ, ಬ್ರೆಡ್ಡು ಕೊಯ್ಯುತ್ತಾಳೆ, ಉಪ್ಪು ಮರೆತು ಮತ್ತೆ ಹೋಗುತ್ತಾಳೆ. ಅಲ್ಲಿಯತನಕ ಲೂಕ್ ಕೈ ಮಡಿಲಲ್ಲಿಟ್ಟು ಕೂತಿರುತ್ತಾನೆ. ಅಡಿಗೆ ಮಾಡಿದವಳು ಕೂತು ಮೊದಲ ತುತ್ತು ಎತ್ತಬೇಕು, ಆಮೇಲೆ ಉಳಿದವರು. ಮನೋನ್ ಒಮ್ಮೆ ಆಲೂಗಡ್ಡೆಗೆ ಕೈ ಹಾಕಿದ್ದಕ್ಕೆ ಅವಳಪ್ಪ ಅವಳನ್ನು ನೋಡಿದ ನೋಟ ನನಗೇ ಹೆದರಿಕೆ ಹುಟ್ಟಿಸಿತ್ತು.

ಕೆಳಗೆ ಬಂದು ಅವ್ವನಿಗೆ ಹೇಳಿದೆ. ಅವ್ವ ರೊಟ್ಟಿ ಬಡಿಯುತ್ತಿದ್ದಳು.

"ಆಕಿ ಕೂಡೂತನಾ ಯಾರೂ ಉಣ್ಣೂದಿಲ್ಲಂತ?"

"ಹೂಂನವಾ."

"ಆರಿ ಹೋಗೂದಿಲ್ಲೇನ ಎಲ್ಲಾ?" ಎಂದಳು. ಸ್ವಲ್ಪ ಹೊತ್ತು ಬಡಿದು, "ಖರೇನ?" ಎಂದು ಮತ್ತೊಮ್ಮೆ ಕೇಳಿದಳು.

ಕ್ರಿಸ್ಮಸ್‌ಗೆ ಅವರು ಸರ್ವೆ ಗಿಡದ ಟೊಂಗೆಯೊಂದನ್ನು ಬಕೆಟ್ಟಿನ ಮರಳಿನಲ್ಲಿ ನಿಲ್ಲಿಸಿ, ಕಿಟಕಿಯ ಕೆಳಗೆ ಮೂವರ ಬೂಟುಗಳನ್ನು ಸಾಲಾಗಿ ಇಟ್ಟರು. ಬೆಳಗಾಗುವುದರೊಳಗೆ ಬೂಟಿನಲ್ಲಿ ಉಡುಗೊರೆ ಬಂದಿರುತ್ತದೆಯಂತೆ. ಅವರ ಊರಿನ ಚಾಕ್ಲೇಟು ಇಲ್ಲಿ ಸಿಗದೆ, ಲೂಕ್ ಧಾರವಾಡದ ಪೇಡೆ ತಂದು ಕಾಗದದಲ್ಲಿ ಸುತ್ತಿ ಮಗಳ ಬೂಟಿನಲ್ಲಿ ಇಟ್ಟಿದ್ದ. ಇದನ್ನು ನಾನು ಕೆಳಗೆ ಬಂದು ಹೇಳಬಾರದಿತ್ತು.

"ಚಪ್ಪಲ್ಯಾಗ ಪೇಡೆ ಇಡತಾರ!" ದೊಡ್ಡವ್ವ ಎರಡೂ ಕೆನ್ನೆಗೆ ಬಡಿದುಕೊಂಡಳು. "ಅದನ್ನ ತಿಂತಾವಾ? ಆ ಖೋಡಿಗಳು ತಿಂತಾವಾ?"

ಸಂಜೆ ಎಲೆನ್ ಒಂದು ತಟ್ಟೆ ಪೇಡೆ ಕೆಳಗೆ ಕಳಿಸಿದಾಗ ದೊಡ್ಡವ್ವ ಅದು ಬೂಟಿನಲ್ಲಿದ್ದದ್ದೋ ಅಲ್ಲವೋ ಎಂದು ವಿಚಾರಿಸಲಿಲ್ಲ. ನಾಲ್ಕು ತಿಂದಳು.

ಇನ್ನು ಕಲ್ಲಿನ ವಿಷಯ. ಅದನ್ನು ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ನಮ್ಮ ಮನೆಯಲ್ಲಿ ಗಂಡಸರು ಮೊದಲು ಉಣ್ಣುತ್ತಿದ್ದರು, ಆಮೇಲೆ ನಾವು ಮಕ್ಕಳು, ಆಮೇಲೆ ದೊಡ್ಡವ್ವ, ಕೊನೆಗೆ ಒಲೆಯ ಮುಂದೆ ಅವ್ವ. ಅವ್ವ ದೊಡ್ಡಪ್ಪನ ಎದುರು ಕುರ್ಚಿಯ ಮೇಲೆ ಕೂರುತ್ತಿರಲಿಲ್ಲ, ಅವನ ಜೊತೆ ನೇರ ಮಾತಾಡುತ್ತಿರಲಿಲ್ಲ. "ಭಾವಾರಿಗೆ ಹೇಳು" ಎಂದು ನನ್ನ ಬಾಯಿಂದ ಹೇಳಿಸುತ್ತಿದ್ದಳು. ಡಿಸೆಂಬರ್ ಕೊನೆಗೆ ಬಡಾವಣೆಯ ಸಂಘದ ನಾಲ್ಕು ಜನ ಊಟಕ್ಕೆ ಬಂದಿದ್ದರು. ದೊಡ್ಡಪ್ಪ ಸಂಘದ ಅಧ್ಯಕ್ಷನಾಗಬೇಕೆಂದಿದ್ದ. ಅವರಲ್ಲಿ ಒಬ್ಬರು ವಕೀಲರು, ತಣ್ಣಗೆ ಕೂತು ಚುಚ್ಚುವ ಮನುಷ್ಯ. ಎಲ್ಲರೂ ಎಲೆಯ ಮುಂದೆ ಕೂತು ಅನ್ನಕ್ಕೆ ಕೈ ಹಾಕಿದ್ದಾರೆ, ದೊಡ್ಡಪ್ಪನ ಹಲ್ಲಿಗೆ ಕಲ್ಲು ಸಿಕ್ಕಿತು. ಕಟ್ ಎಂದದ್ದು ಬಾಗಿಲ ಬಳಿ ನಿಂತಿದ್ದ ನನಗೂ ಕೇಳಿಸಿತು. ಅವನು ಅದನ್ನು ತೆಗೆದು ಎಲೆಯ ತುದಿಯಲ್ಲಿಟ್ಟು, ಎಲ್ಲರೂ ನೋಡಿದರೆಂದು ಖಾತ್ರಿ ಮಾಡಿಕೊಂಡು, ಎದ್ದುಬಿಟ್ಟ. ಎಲೆ ಬಿಟ್ಟು ಏಳುವುದೆಂದರೆ ನಮ್ಮಲ್ಲಿ ನೀಡಿದವಳ ಮುಖಕ್ಕೆ ಹೊಡೆದಂತೆ.

ಕೈ ತೊಳೆಯುತ್ತ ಅಪ್ಪನಿಗೆ ಹೇಳಿದ: "ತಮ್ಮಾ, ಇನ್ನೊಮ್ಮೆ ಹಿಂಗಾತಂದ್ರ ಆಕಿನ್ನ ಹೆಬ್ಬಳ್ಳಿಗೆ ಬಿಟ್ಟು ಬಾ. ಅಕ್ಕಿ ಆರಸೂದು ಕಲ್ತು ಬರಲಿ."

ಹೆಬ್ಬಳ್ಳಿ ಅವ್ವನ ತವರು. ಅಪ್ಪ ತನ್ನ ಎಲೆಯನ್ನೇ ನೋಡುತ್ತಿದ್ದ. ಆಮೇಲೆ ಉಣ್ಣುವುದನ್ನು ಮುಂದುವರಿಸಿದ. ಈ ಬಗ್ಗೆ ನನಗೆ ಅನುಮಾನವಿಲ್ಲ. ಅವ್ವ ಅಂದಿನಿಂದ ಅಕ್ಕಿಯನ್ನು ಮೊರದಲ್ಲಿ ಹರಡಿ, ಕಿಟಕಿಯ ಬಿಸಿಲಿಗೆ ಹಿಡಿದು, ಕಣ್ಣು ನೀರಾಡುವವರೆಗೆ ಆರಿಸುತ್ತಿದ್ದಳು. ಆರಿಸಿದ್ದನ್ನೇ ಮತ್ತೆ ಆರಿಸುತ್ತಿದ್ದಳು.

ಆ ಹೊತ್ತಿಗೇ ಮೇಲಿನಿಂದ ಕರೆ ಬಂತು. ಜನವರಿಯ ಮೊದಲ ಭಾನುವಾರ ಅವರಲ್ಲಿ ಒಂದು ಹಬ್ಬ. ಗಲೆಟ್ ಎಂಬ ದುಂಡನೆಯ ಸಿಹಿ ಮಾಡುತ್ತಾರೆ. ಮೇಲೆ ಪದರು ಪದರಾದ ಹೊದಿಕೆ, ಒಳಗೆ ಬಾದಾಮಿಯ ಹೂರಣ. ಹೂರಣದಲ್ಲಿ ಎಲ್ಲೋ ಒಂದು ಕಾಳು ಹುದುಗಿಸಿರುತ್ತಾರೆ. ಯಾರ ತುಂಡಿನಲ್ಲಿ ಕಾಳು ಬರುತ್ತದೋ ಅವರು ಆ ದಿನದ ರಾಜ, ತಲೆಗೆ ಬಂಗಾರದ ಕಾಗದದ ಕಿರೀಟ. ಯಾರೂ ಮೋಸ ಮಾಡದಿರಲೆಂದು ಎಲ್ಲರಿಗಿಂತ ಚಿಕ್ಕವರು ಮೇಜಿನ ಕೆಳಗೆ ಕೂತು, ಈ ತುಂಡು ಇಂಥವರಿಗೆ ಎಂದು ಕೂಗಬೇಕು. ಕೊನೆಯ ಒಂದು ತುಂಡನ್ನು ಯಾರಿಗೂ ಕೊಡುವಂತಿಲ್ಲ. ಅದು ಇನ್ನೂ ಬರದವರಿಗೆ, ಯಾರು ಬಾಗಿಲಿಗೆ ಬರುತ್ತಾರೋ ಅವರಿಗೆ.

ಇಷ್ಟನ್ನು ಮನೋನ್‌ನಿಂದ ಕೇಳಿ ನಾನು ಕೆಳಗೆ ವರದಿ ಒಪ್ಪಿಸಿದೆ. ದೊಡ್ಡಪ್ಪನಿಗೆ ಕೇಳಿಸಿದ್ದು ಕಿರೀಟ ಮಾತ್ರ.

"ಕಿರೀಟಾ ಹಾಕತಾರ? ಮನಿ ಮಾಲಕರಿಗೆ ಹಾಕತಾರ ಅಂದಂಗಾತು."

"ಕಾಳು ಬಂದವರಿಗೆ, ದೊಡ್ಡಪ್ಪಾ."

"ಏ ಶಶಿ, ನೀ ಆ ಹುಡುಗಿ ಕಿವ್ಯಾಗ ಒಂದ್ ಮಾತು ಹಾಕು. ಕಾಳು ಇದ್ದ ತುಂಡು ನಮ್ಮ ಹೆಸರಿಗೆ ಕೂಗಲಿ."

"ಆಕಿಗೂ ಗೊತ್ತಿರೂದಿಲ್ಲ. ಆಕಿ ಅವ್ವಗೂ ಗೊತ್ತಿರೂದಿಲ್ಲ ಕಾಳು ಎಲ್ಲೈತಿ ಅಂತ."

"ಯಾರಿಗೂ ಗೊತ್ತಿಲ್ಲಂದ್ರ ಅದೆಂಥಾ ಸನ್ಮಾನ?" ಎಂದ ದೊಡ್ಡಪ್ಪ.

ಆದರೂ ಸಂಘದ ನಾಲ್ವರನ್ನು ಕರೆದ. ಫೋಟೋ ತೆಗೆಯುವವನನ್ನು ಗೊತ್ತು ಮಾಡಿದ. "ಮ್ಯಾಲ ಫ್ರೆಂಚ್ ಮಂದಿ ನಮಗೊಂದು ಕಾರ್ಯಕ್ರಮ ಇಟ್ಟಾರ. ಅದು ಮುಗಿದ ಮ್ಯಾಲ ಕೆಳಗ ಊಟಾ" ಎಂದು ಓಣಿಯಲ್ಲಿ ಹೇಳಿಕೊಂಡು ಬಂದ. ಅವ್ವನಿಗೆ ಅದು ಪರೀಕ್ಷೆಯ ಊಟ. ಅದೇ ನಾಲ್ಕು ಜನ, ಅದೇ ಅನ್ನ. ಕಲ್ಲು ಬಂದರೆ ಹೆಬ್ಬಳ್ಳಿ.

ಹಿಂದಿನ ದಿನ ಎಲೆನ್ ಕೆಳಗೆ ಬಂದು ಅವ್ವನ ಹತ್ತಿರ ಅವರೆಕಾಳು ಕೇಳಿ ಇಸಿದುಕೊಂಡು ಹೋಗಿದ್ದಳು. ಅವ್ವ ಹೆಬ್ಬಳ್ಳಿಯಿಂದ ಬಂದ ಒಣಕಾಳಿನ ಡಬ್ಬಿಯಿಂದ ಒಂದು ಹಿಡಿ ಕೊಟ್ಟಳು. ಪಲ್ಯಕ್ಕೆ ಇಷ್ಟು ಸಾಲುವುದಿಲ್ಲವಲ್ಲ ಎಂದುಕೊಂಡಳೇ ಹೊರತು ಯಾಕೆಂದು ಕೇಳಲಿಲ್ಲ. ಹಬ್ಬದ ಆಟದ ವಿವರ ಅವಳಿಗೆ ಯಾರೂ ಹೇಳಿರಲಿಲ್ಲ, ನಾನೂ ಹೇಳಿರಲಿಲ್ಲ. ಅವಳಿಗೆ ಪುರುಸೊತ್ತು ಎಲ್ಲಿತ್ತು?

ಭಾನುವಾರ ಮಧ್ಯಾಹ್ನ. ದೊಡ್ಡಪ್ಪ ಜರಿಯಂಚಿನ ಧೋತರ ಉಟ್ಟು, ಮೇಜಿನ ತಲೆಯ ಕಡೆಯ ಕುರ್ಚಿಯಲ್ಲಿ ಹೋಗಿ ಕೂತ. ಅದು ಲೂಕ್ ಕೂರುವ ಜಾಗ; ಅವನು ನಕ್ಕು ಸ್ಟೂಲು ಎಳೆದುಕೊಂಡ. ಒಂದು ಕಡೆ ಸಂಘದವರು, ಇನ್ನೊಂದು ಕಡೆ ಅಪ್ಪ, ನಾನು. ಗೋಡೆಗೆ ಆನಿಕೊಂಡು ಫೋಟೋದವನು.

"ತತ್ತಿ ಹಾಕಿಲ್ಲಲ್ಲ?" ವಕೀಲರು ಕೇಳಿದರು.

"ಇಲ್ಲ, ತತ್ತಿ ಇಲ್ಲ" ಎಂದಳು ಎಲೆನ್. ಅವ್ವನಿಂದ ಕಲಿತ ಅಡಿಗೆಮನೆಯ ಕನ್ನಡ ಅದು.

ಎಲೆನ್ ಸಿಹಿಯನ್ನು ಕೊಯ್ದಳು. ಬೆಣ್ಣೆಯ ಹಬೆ ಎದ್ದಿತು. ಮನೋನ್ ಮೇಜಿನ ಕೆಳಗಿನಿಂದ ಕೂಗಿದಳು: "ಶಶಿ!" ನನಗೆ. "ಪಪ್ಪಾ!" ಲೂಕ್‌ಗೆ. ಹೀಗೇ ನಡೆಯಿತು. ಎಲೆನ್ ಪ್ರತಿ ಸಲ ಕನ್ನಡ, ಇಂಗ್ಲಿಷು ಎರಡರಲ್ಲೂ, ಹಲ್ಲು ಜೋಪಾನ ಎಂದು ಎಚ್ಚರಿಸಿದಳು. ದೊಡ್ಡಪ್ಪ ತನ್ನ ತುಂಡನ್ನು ಬೆರಳಿನಿಂದ ಅಲ್ಲಲ್ಲಿ ಒತ್ತಿ ನೋಡಿದ. ಆಮೇಲೆ ಎಲ್ಲರೂ ತಿನ್ನಲು ಶುರು ಮಾಡಿದರು. ಹತ್ತು ಜನ ಒಂದು ಕಾಳಿಗಾಗಿ ದನಗಳ ಹಾಗೆ ಮೆಲ್ಲಗೆ ಮೆಲುಕು ಹಾಕುತ್ತಿದ್ದ ಆ ದೃಶ್ಯ ನೆನೆದರೆ ಈಗಲೂ ನಗು ಬರುತ್ತದೆ. ಯಾರಿಗೂ ಕಾಳು ಸಿಗಲಿಲ್ಲ. ತಟ್ಟೆಯಲ್ಲಿ ಕೊನೆಯ ತುಂಡು ಉಳಿಯಿತು.

"ಅದನ್ನ ಇತ್ತ ಕೊಡ್ರಿ" ಎಂದು ದೊಡ್ಡಪ್ಪ ಕೈ ಚಾಚಿದ.

ಆಗ ಬಾಗಿಲಲ್ಲಿ ಅವ್ವ. ಸೆರಗು ತಲೆಯ ಮೇಲೆ, ಕೈಯೆಲ್ಲ ಹಿಟ್ಟು. "ಶಶೀ, ಎಲಿ ಹಾಕೈತಿ ಅಂತ ಹೇಳು" ಎಂದಳು ನನಗೆ.

ಎಲೆನ್ ಎದ್ದು ಬಂದು ಅವಳ ಕೈ ಹಿಡಿದಳು. ತನ್ನ ಕುರ್ಚಿಯನ್ನೇ ಎಳೆದಳು. "ಕೂಡ್ರಿ."

"ಒಲ್ಲೆರಿ. ಒಲೀ ಮ್ಯಾಲ ಸಾರು ಐತ್ರಿ."

"ಕೂಡ್ರಿ. ಇದು ನಿಮ್ಮದು."

ಅವ್ವ ಅಪ್ಪನನ್ನು ನೋಡಿದಳು. ಅಪ್ಪ ದೊಡ್ಡಪ್ಪನನ್ನು ನೋಡಿದ. ದೊಡ್ಡಪ್ಪ ಕೊನೆಯ ತುಂಡನ್ನು ನೋಡುತ್ತಿದ್ದ. ಮೇಜಿನ ಕೆಳಗಿನಿಂದ ಮನೋನ್ ಅವ್ವನ ಸೀರೆಯ ನಿರಿಗೆ ಹಿಡಿದು ಎಳೆದಳು. ಅವ್ವ ಕುರ್ಚಿಯ ತುದಿಯಲ್ಲಿ ಕೂತಳು. ನಾನು ಹುಟ್ಟಿದ ಮೇಲೆ ಮೊದಲ ಸಲ, ತನ್ನ ಭಾವನ ಎದುರು.

ಎಲ್ಲರ ಕಣ್ಣೂ ಅವಳ ಬಾಯಿಯ ಮೇಲೆ. ಅವರು ಕಾಳಿಗಾಗಿ ನೋಡುತ್ತಿದ್ದರು. ಅವ್ವ ತಾನು ಕುರ್ಚಿಯಲ್ಲಿ ಕೂತದ್ದಕ್ಕೆ ನೋಡುತ್ತಿದ್ದಾರೆ ಎಂದುಕೊಂಡಳು. ತಲೆ ತಗ್ಗಿಸಿ ಬೇಗ ಬೇಗ ತಿಂದಳು. ನಾನು ಪಕ್ಕದಲ್ಲೇ ಇದ್ದೆ. ಅವಳ ದವಡೆ ಒಮ್ಮೆ ನಿಂತದ್ದು ನೋಡಿದೆ. ಸೆರಗಿನಿಂದ ಬಾಯಿ ಒರೆಸಿಕೊಂಡಳು. ಎಡಗೈ ಮುಷ್ಟಿಯಾಯಿತು.

"ಛಲೋ ಆಗೇತ್ರಿ" ಎಂದಳು ಎಲೆನ್‌ಗೆ. "ಭಾಳ ಛಲೋ ಆಗೇತಿ." ಎದ್ದು ಕೆಳಗೆ ಹೋಗಿಬಿಟ್ಟಳು.

ಕಾಳು ಇಲ್ಲ! ಎಲೆನ್ ತಾನೇ ಹಾಕಿದ್ದಾಗಿ ಎದೆ ಮುಟ್ಟಿ ಹೇಳಿದಳು. ಲೂಕ್ ತಟ್ಟೆಯ ಚೂರುಗಳನ್ನೆಲ್ಲ ಕೆದಕಿದ. ವಕೀಲರು, "ಯಾರೋ ನುಂಗ್ಯಾರ. ಬ್ಯಾರೆ ದಾರಿ ಇಲ್ಲ" ಎಂದು ತೀರ್ಪು ಕೊಟ್ಟರು. ದೊಡ್ಡಪ್ಪ ಗಂಟಲು ಸವರಿಕೊಂಡ.

"ನಾನ ನುಂಗೇನಿ ಕಾಣಸ್ತೈತಿ. ಏನೋ ಗಟ್ಟಿಂದು ಇಳಿದಂಗಾತು."

"ಆವಾಗ್ಲೇ ಹೇಳಬೇಕಿಲ್ಲೇನ್ರಿ ಗೌಡ್ರ?"

"ನಾವಾಗಿ ಹೆಂಗ ಹೇಳ್ಕೊಳ್ಳೂದ್ರಿ" ಎಂದ ದೊಡ್ಡಪ್ಪ, ಕೈ ಮುಗಿದು. ಗೋಡೆಯ ಫೋಟೋಗಳಲ್ಲಿ ಇದ್ದಾನಲ್ಲ, ಅದೇ ಕೈ.

ಚಪ್ಪಾಳೆ ಬಿತ್ತು. ಕಿರೀಟ ಅವನ ತಲೆಗೆ ಸಣ್ಣದಾಯಿತು, ಹಿಂದೆ ಸ್ವಲ್ಪ ಹರಿದು ಕೂರಿಸಿದರು. ಎಡಕ್ಕೆ ಲೂಕ್, ಬಲಕ್ಕೆ ಎಲೆನ್. ಫೋಟೋ ಆಯಿತು.

ನಾನು ಕೆಳಗೆ ಓಡಿದೆ. ಅವ್ವ ಅನ್ನದ ಪಾತ್ರೆ ಇಳಿಸುತ್ತಿದ್ದಳು. ಮುಷ್ಟಿ ಹಾಗೇ ಇತ್ತು.

"ಕೈಯಾಗ ಏನೈತವಾ?"

"ಸಾವಕಾಶ ಮಾತಾಡು. ಕಲ್ಲು. ಪಾಪ, ಬಾದಾಮಿ ಆರಿಸಿಲ್ಲ ಆಕಿ. ಅಷ್ಟ ಮಂದಿ ಮುಂದ ತಗದಿಟ್ಟರ ಆಕಿ ಮುಖಾ ಎಲ್ಲಿ ಇಟ್ಕೋಬೇಕು? ಯಾರ ಮುಂದೂ ಹೇಳಬ್ಯಾಡ."

ಕೈ ಬಿಚ್ಚಿದಳು. ಅಂಗೈಯಲ್ಲಿ ಕಂದುಬಣ್ಣಕ್ಕೆ ಬೆಂದ ಅವರೆಕಾಳು, ಮೈಗೆ ಬಾದಾಮಿಯ ಪುಡಿ.

"ಅಯ್ಯ, ನಮ್ಮ ಹೆಬ್ಬಳ್ಳಿ ಕಾಳು!"

ನಾನು ಒಂದೇ ಉಸಿರಿಗೆ ಎಲ್ಲ ಹೇಳಿದೆ. ಕಾಳು ಸಿಕ್ಕವರೇ ರಾಜ, ಅಂದರೆ ನೀನೇ ರಾಣಿ, ದೊಡ್ಡಪ್ಪ ಸುಳ್ಳು ಹೇಳಿ ಕಿರೀಟ ಹಾಕಿಕೊಂಡು ಫೋಟೋ ತೆಗೆಸಿಕೊಂಡ, ನಾನು ಈಗಲೇ ಹೋಗಿ ಹೇಳುತ್ತೇನೆ ಎಂದೆ.

ಅವ್ವ ನನ್ನ ರಟ್ಟೆ ಹಿಡಿದಳು. "ಭಾವಾರು ತಾವ ನುಂಗೇನಿ ಅಂದ್ರಾ?"

"ಹೂಂ."

"ಎಲ್ಲಾರ ಮುಂದ?"

"ಎಲ್ಲಾರ ಮುಂದ."

ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ನಗುತ್ತಿದ್ದಳೋ ಅಳುತ್ತಿದ್ದಳೋ ಆಗ ಗೊತ್ತಾಗಲಿಲ್ಲ. ಮೆಟ್ಟಿಲಿನಲ್ಲಿ ಗಂಡಸರು ಇಳಿಯುವ ಸದ್ದಾಯಿತು. ಅವಳು ಅನ್ನದ ಬುಟ್ಟಿ ಎತ್ತಿಕೊಂಡು ಹೊರಗೆ ಹೋದಳು.

ದೊಡ್ಡಪ್ಪ ಕಿರೀಟ ತೆಗೆದಿರಲಿಲ್ಲ. ಕಿರೀಟ ಹಾಕಿಕೊಂಡೇ ಚಕ್ಕಳಮಕ್ಕಳ ಕೂತು ಎಣ್ಣೆಗಾಯಿ, ರೊಟ್ಟಿ ಮುಗಿಸಿದ. ಅನ್ನ ಬಂತು, ಸಾರು ಬಂತು. ಮೂರನೆಯದೋ ನಾಲ್ಕನೆಯದೋ ತುತ್ತಿಗೆ ಕಟ್ ಎಂದಿತು.

ದವಡೆ ನಿಂತಿತು. ಸಾಲಿನಲ್ಲಿ ಎಲ್ಲ ಕೈಗಳೂ ನಿಂತವು. ಅಪ್ಪ ಎಂದಿನಂತೆ ತನ್ನ ಎಲೆಯೊಳಗೆ ಮುಖ ಇಟ್ಟ.

"ಏನ್ರಿ ಗೌಡ್ರ, ಮತ್ತ ಕಲ್ಲೇನು?" ವಕೀಲರ ದನಿಯಲ್ಲಿ ಎಂಥ ಅಕ್ಕರೆ!

ದೊಡ್ಡಪ್ಪ ಎರಡು ಬೆರಳಿನಿಂದ ಬಾಯಿಂದ ಅದನ್ನು ತೆಗೆದ. ನಾನು ಬಾಗಿಲಲ್ಲಿದ್ದೆ. ಬಿಳಿ ಅನ್ನದ ಅಗುಳಿನ ನಡುವೆ ಕಂದು ಕಾಳು. ಅವನು ಅದನ್ನು ನೋಡಿದ. ತಲೆ ಎತ್ತಿದ. ಅವ್ವ ಬುಟ್ಟಿ ಹಿಡಿದು ಅವನ ಎದುರಿಗೇ ನಿಂತಿದ್ದಳು. ಅವಳು ಕಣ್ಣು ತಗ್ಗಿಸಲಿಲ್ಲ.

ಎಲೆಯ ತುದಿಯಲ್ಲಿ ಇಟ್ಟರೆ ಕಾಳು, ಕಾಳೆಂದರೆ ಕಿರೀಟ ಸುಳ್ಳು. ಕಲ್ಲೆಂದರೆ ವಕೀಲರು ಎಲ್ಲಿ ನೋಡೋಣ ಎನ್ನುತ್ತಾರೆ. ದೊಡ್ಡಪ್ಪ ಅದನ್ನು ಮತ್ತೆ ಬಾಯಿಗೆ ಹಾಕಿಕೊಂಡು, ಒಂದು ತಂಬಿಗೆ ನೀರು ಕುಡಿದು, ನುಂಗಿದ.

"ಏನಿಲ್ಲ, ಏನಿಲ್ಲ. ಅಡಿಗಿ... ಛಲೋ ಆಗೈತಿ."

ಅವ್ವ ಬಗ್ಗಿದಳು. ನನ್ನ ಬಾಯಿಂದ ಹೇಳಿಸಲಿಲ್ಲ. "ಇನ್ನೀಟು ಅನ್ನಾ ನೀಡ್ಲೇನ್ರಿ, ಭಾವಾರ?" ಎಂದಳು.

ಆಮೇಲೆ ಆ ಮನೆಯಲ್ಲಿ ಯಾರೂ ಕಲ್ಲಿಗಾಗಿ ಎಲೆ ಬಿಟ್ಟು ಏಳಲಿಲ್ಲ. ಹೆಬ್ಬಳ್ಳಿಯ ಮಾತೂ ಬರಲಿಲ್ಲ. ಇದರಾಚೆ ಏನೂ ಬದಲಾಗಲಿಲ್ಲ ಎಂಬುದನ್ನೂ ಹೇಳಬೇಕು. ಅವ್ವ ಕೊನೆಗೇ ಉಂಡಳು. ಮಳೆಗಾಲದ ಹೊತ್ತಿಗೆ ಫ್ರಾನ್ಸಿನವರು ಹೊರಟುಹೋದರು. ಅವರು ಕಲಿಸಬಹುದಾಗಿದ್ದ ಒಂದೇ ಒಂದು ವಿಷಯವನ್ನು ನಮ್ಮವರು ಕಲಿಯಲಿಲ್ಲ. ಕಲಿಯುವ ಬದಲು, ಅವರು ಬಿಟ್ಟುಹೋದ ಊಟದ ಮೇಜನ್ನು ಕೆಳಗೆ ಎತ್ತಿಕೊಂಡು ಬಂದರು. ಅದರ ಮೇಲೆ ಈಗ ಟಿವಿ ಇದೆ.

ಫೋಟೋ ಮಾತ್ರ ದೊಡ್ಡಪ್ಪನ ಹಾಲಿನಲ್ಲಿದೆ. ಎಂಬತ್ತು ದಾಟಿದ ದೊಡ್ಡಪ್ಪ ಬಂದವರಿಗೆಲ್ಲ ಫ್ರೆಂಚ್ ಮಂದಿ ತನಗೆ ಕಿರೀಟ ಹಾಕಿದ ಕತೆ ಹೇಳುತ್ತಾನೆ. ಮೊಮ್ಮಕ್ಕಳಿಗೆ ಅದು ಇತಿಹಾಸ. ಕೆಲವು ಸಲ ನನಗೇ ಅಳುಕಾಗುತ್ತದೆ. ಫೋಟೋ ಇರುವುದು ಅವನ ಕಡೆಗೆ. ನನ್ನ ಕಡೆಗೆ ಬಾಗಿಲಲ್ಲಿ ನಿಂತಿದ್ದ ಒಬ್ಬ ಹುಡುಗಿಯ ಸಿಟ್ಟು ಬಿಟ್ಟರೆ ಏನಿದೆ? ಆದರೆ ಒಂದನ್ನು ಗಮನಿಸಿದ್ದೇನೆ. ಅವ್ವ ಕೋಣೆಯಲ್ಲಿದ್ದರೆ ದೊಡ್ಡಪ್ಪ ಆ ಕತೆ ಎತ್ತುವುದಿಲ್ಲ.

ಏನು ಕಳೆಯಿತು ಎಂದು ನಿಟ್ಟುಸಿರು ಬಿಡುವವರಿಗೆ ನನ್ನ ಉತ್ತರ ಇಷ್ಟೇ. ಈಗ ಅಕ್ಕಿ ಪಾಕೀಟಿನಲ್ಲಿ ಬರುತ್ತದೆ, ಕಲ್ಲಿಲ್ಲ. ಮೊರ ಅಟ್ಟದ ಮೇಲಿದೆ. ಇನ್ನೊಬ್ಬಳ ಮರ್ಯಾದೆ ಉಳಿಸಲು ಬಾಯಿಯೊಳಗಿನ ಕಲ್ಲನ್ನು ಮುಷ್ಟಿಯಲ್ಲಿ ಅಡಗಿಸಿಕೊಂಡು "ಛಲೋ ಆಗೈತಿ" ಎನ್ನುವ ಹೆಂಗಸರನ್ನು ನಾನು ಈಚೆಗೆ ಕಂಡಿಲ್ಲ; ನಾನೂ ಅಂಥವಳಲ್ಲ. ಎಲೆ ಬಿಟ್ಟು ಏಳುವ ಗಂಡಸರು ಮಾತ್ರ ಎಲ್ಲಿಯೂ ಕಳೆದುಹೋಗಿಲ್ಲ.

ಅವ್ವ ಈಗ ನನ್ನ ಜೊತೆ ಇದ್ದಾಳೆ. ಕಳೆದ ಸಂಕ್ರಾಂತಿಯಲ್ಲಿ, ಎಲ್ಲರೂ ಹೋದ ಮೇಲೆ, ಕೇಳಿಯೇ ಬಿಟ್ಟೆ. "ಅವ್ವಾ, ಆ ಕಾಳು ನೀನಾಗಿ ಹಾಕಿದ್ಯೋ, ಕೈಯಿಂದ ಬಿತ್ತೋ?"

ಅವ್ವ ಕುಸುರೆಳ್ಳಿನ ಡಬ್ಬಿಯ ಮುಚ್ಚಳ ಒತ್ತಿ ಹಾಕಿದಳು.

"ನಮ್ಮ ಅಪ್ಪ ಬದುವಿನ ಮ್ಯಾಲ ಬೆಳದ ಕಾಳು ಅದು. ಬೇಯಿಸದ ಬಿತ್ತಿದ್ದರ ಒಂದ್ ಬಳ್ಳಿ ಆಗತಿತ್ತು" ಎಂದಳು. "ಸುಮ್ಮನ ಆ ಹೊಟ್ಟಿಗೆ ಹೋತು."